ವೃದ್ಧ ಮಾತಾಪಿತರ ಆರೈಕೆ: ಹಣ ಕಳುಹಿಸಿದರೆ ಬಾಧ್ಯತೆ ತೀರುವುದೇ?

ಮಾತಾಪಿತರ ಸೇವೆಯ ಮಹತ್ವವನ್ನು ತಿಳಿಯದ ಮುಸ್ಲಿಮ್ ಕುಟುಂಬ ಇರಲಾರದು. ಜುಮಾ ಖುತ್ಬಾಗಳಲ್ಲಿಯೂ ಮದ್ರಸದ ಪಾಠಗಳಲ್ಲಿಯೂ ನಾವು ಅದನ್ನು ಎಷ್ಟೋ ಸಲ ಕೇಳಿದ್ದೇವೆ. ಆದ್ದರಿಂದ ಅದರ ಶ್ರೇಷ್ಠತೆಯನ್ನು ಮತ್ತೊಮ್ಮೆ ವರ್ಣಿಸುವುದು ಇಲ್ಲಿನ ಉದ್ದೇಶವಲ್ಲ. ನಮ್ಮ ಅನೇಕ ಮನೆಗಳಲ್ಲಿ ಎಲ್ಲರ ಮನಸ್ಸಿನಲ್ಲಿದ್ದರೂ ಯಾರೂ ಬಾಯಿಬಿಟ್ಟು ಚರ್ಚಿಸದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕಾಗಿದೆ.

ನಮ್ಮ ಕರಾವಳಿಯನ್ನೇ ನೋಡಿರಿ. ಮಂಗಳೂರಿನಿಂದ ಭಟ್ಕಳದವರೆಗೆ ಗಲ್ಫ್ ದುಡಿಮೆಯಿಂದ ಎದ್ದು ನಿಂತ ದೊಡ್ಡ ದೊಡ್ಡ ಮನೆಗಳಿವೆ. ಅವುಗಳಲ್ಲಿ ಎಷ್ಟೋ ಮನೆಗಳೊಳಗೆ ವಾಸಿಸುವವರು ಎಪ್ಪತ್ತು ದಾಟಿದ ತಾಯಿ ಮತ್ತು ಒಬ್ಬಳು ಕೆಲಸದಾಕೆ ಮಾತ್ರ. ಒಬ್ಬ ಮಗ ದುಬೈಯಲ್ಲಿ, ಇನ್ನೊಬ್ಬ ದಮ್ಮಾಮ್‌ನಲ್ಲಿ, ಮಗಳು ಬೆಂಗಳೂರಿನಲ್ಲಿ. ತಿಂಗಳು ತಿಂಗಳು ತಪ್ಪದೆ ಹಣ ಬರುತ್ತದೆ. ಔಷಧಿಗೆ ಕೊರತೆಯಿಲ್ಲ. ರಾತ್ರಿ ಮೊಬೈಲಿನಲ್ಲಿ ಮೊಮ್ಮಕ್ಕಳ ಮುಖವೂ ಕಾಣುತ್ತದೆ. ಇಷ್ಟಾದ ಮೇಲೆ ಆ ಮಕ್ಕಳ ಬಾಧ್ಯತೆ ತೀರಿತೇ?

ಈ ಪ್ರಶ್ನೆಗೆ ಅವಸರದ ಉತ್ತರಗಳು ಎರಡಿವೆ. 'ಖರ್ಚಿಗೆ ಕೊಡುತ್ತಿದ್ದೇನಲ್ಲ, ಇನ್ನೇನು ಬೇಕು?' ಎಂಬುದು ಒಂದು. 'ಕೆಲಸ ಬಿಟ್ಟು ಬಂದು ತಾಯಿಯ ಪಾದದ ಬಳಿ ಕೂರದವನು ನರಕಕ್ಕೆ ಅರ್ಹ' ಎಂಬುದು ಇನ್ನೊಂದು. ಮೊದಲನೆಯದು ಧರ್ಮವನ್ನು ಲೆಕ್ಕದ ಪುಸ್ತಕವಾಗಿಸುತ್ತದೆ. ಎರಡನೆಯದು ದುಡಿದು ಮನೆ ಸಾಕುವವನ ಮೇಲೆ ಅಲ್ಲಾಹನು ಹೊರಿಸದ ಹೊರೆಯನ್ನು ಹೊರಿಸುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ಒಂದು 'ನಫಕ', ಅಂದರೆ ಜೀವನಾಂಶ. ತಂದೆ ತಾಯಿ ಬಡವರಾಗಿದ್ದರೆ ಅನುಕೂಲವಿರುವ ಮಕ್ಕಳು ಅವರ ಅನ್ನ, ಬಟ್ಟೆ, ವಸತಿ, ಚಿಕಿತ್ಸೆಗಳನ್ನು ನೋಡಿಕೊಳ್ಳುವುದು ಕಡ್ಡಾಯವೆಂದು ಕರ್ಮಶಾಸ್ತ್ರ ವಿದ್ವಾಂಸರು ಹೇಳಿದ್ದಾರೆ. ಇದನ್ನು ಹಣದ ಮೂಲಕ ಪೂರೈಸಬಹುದು. ಬೇರೊಬ್ಬರ ಕೈಯಲ್ಲಿ ಕೊಟ್ಟು ಮಾಡಿಸಬಹುದು. ಎರಡನೆಯದು 'ಇಹ್ಸಾನ್', ಅಂದರೆ ಸದ್ವರ್ತನೆ. ಪವಿತ್ರ ಕುರ್‌ಆನ್‌ನ 17ನೇ ಅಧ್ಯಾಯ ಬನೀ ಇಸ್ರಾಈಲ್‌ನ 23 ಮತ್ತು 24ನೇ ಸೂಕ್ತಗಳಲ್ಲಿ ಅಲ್ಲಾಹನ ಹೊರತು ಯಾರನ್ನೂ ಆರಾಧಿಸಬಾರದೆಂಬ ಆಜ್ಞೆಯ ಬೆನ್ನಿಗೇ ಬರುವುದು ಈ ಇಹ್ಸಾನ್.

ಆ ಸೂಕ್ತಗಳನ್ನು ಒಮ್ಮೆ ನಿಧಾನವಾಗಿ ಓದಿರಿ. ಮುಪ್ಪಿಗೆ ತಲುಪಿದ ಮಾತಾಪಿತರೆದುರು ಬೇಸರದ 'ಉಫ್' ಎಂಬ ಶಬ್ದವೂ ಹೊರಡಬಾರದು, ಗದರಬಾರದು, ಗೌರವದಿಂದ ಮಾತನಾಡಬೇಕು, ಕರುಣೆಯಿಂದ ಬಾಗಿ ನಡೆಯಬೇಕು, ಅವರಿಗಾಗಿ ಪ್ರಾರ್ಥಿಸಬೇಕು. ಇಲ್ಲಿ ಹಣದ ಪ್ರಸ್ತಾಪವೇ ಇಲ್ಲ. ಎಲ್ಲವೂ ನಾಲಿಗೆ, ನಡತೆ ಮತ್ತು ಹೃದಯಕ್ಕೆ ಸಂಬಂಧಿಸಿದವು. ಮುಪ್ಪು 'ನಿನ್ನ ಬಳಿಯಲ್ಲಿ' ಬರುವುದನ್ನು ಸೂಕ್ತವು ಪ್ರತ್ಯೇಕವಾಗಿ ಹೇಳುತ್ತದೆ. 'ಉಫ್' ಎನ್ನದಿರುವ ಕೆಲಸವನ್ನು ಹೋಮ್ ನರ್ಸ್‌ಗೆ ವಹಿಸಲು ಸಾಧ್ಯವೇ? ಅವಳು ಅವಳ ತಾಳ್ಮೆಯನ್ನು ತೋರಬಹುದು, ನಿಮ್ಮದನ್ನಲ್ಲ.

ಹಾಗಾದರೆ ಹೊರದೇಶದಲ್ಲಿ ದುಡಿಯುವವರೆಲ್ಲ ತಪ್ಪಿತಸ್ಥರೇ? ಖಂಡಿತ ಅಲ್ಲ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕಿಂತ ಹೆಚ್ಚಿನ ಹೊಣೆ ಹೊರಿಸುವುದಿಲ್ಲ. ವೃದ್ಧ ಮಾತಾಪಿತರಿಗಾಗಿ ದುಡಿಯುವುದೂ ಸತ್ಕರ್ಮವೇ. ಆದರೆ ಒಂದು ಘಟನೆಯನ್ನು ಮರೆಯಬಾರದು. ಹಿಜ್ರತ್‌ನ ಪ್ರತಿಜ್ಞೆ ಮಾಡಲೆಂದು ಒಬ್ಬರು ಪ್ರವಾದಿ(ಸ)ರ ಬಳಿಗೆ ಬಂದರು. ತಂದೆ ತಾಯಿಯನ್ನು ಅಳುತ್ತಿರುವಾಗಲೇ ಬಿಟ್ಟು ಬಂದಿದ್ದೇನೆ ಎಂದರು. ಮರಳಿ ಹೋಗಿ, ಅಳಿಸಿದ ಹಾಗೆಯೇ ಅವರನ್ನು ನಗಿಸಬೇಕೆಂದು ಪ್ರವಾದಿ(ಸ) ಆಜ್ಞಾಪಿಸಿದರು. ಹಿಜ್ರತ್‌ನಂತಹ ಮಹಾ ಕರ್ಮಕ್ಕೆ ಹೊರಟವರಿಗೇ ಈ ಉತ್ತರ ಸಿಕ್ಕಿತೆಂದರೆ, ಇನ್ನೊಂದು ಅಂತಸ್ತು ಕಟ್ಟಲು ಮತ್ತೈದು ವರ್ಷ ಹೊರಗಿರಲು ನಿರ್ಧರಿಸುವವರು ಏನು ಹೇಳಬೇಕು? ಇಲ್ಲಿ ಅಳತೆಗೋಲು ಮಗನ ಅನುಕೂಲವಲ್ಲ, ಊರವರ ಮಾತೂ ಅಲ್ಲ. ಆ ತಂದೆ ತಾಯಿಯ ಮನಸ್ಸು. ಕೆಲವು ತಾಯಂದಿರು ಮನಃಪೂರ್ವಕವಾಗಿ 'ಹೋಗಿ ಬಾ' ಎನ್ನುತ್ತಾರೆ. ಕೆಲವರು ಬಾಯಲ್ಲಿ ಹಾಗೆಂದು ಬಾಗಿಲ ಹಿಂದೆ ಕಣ್ಣೊರೆಸುತ್ತಾರೆ. ಇವೆರಡರ ವ್ಯತ್ಯಾಸ ತಿಳಿಯುವಷ್ಟು ನಾವು ಅವರ ಹತ್ತಿರವಿದ್ದೇವೆಯೇ?

ಇನ್ನೊಂದು ಕಹಿ ಸತ್ಯವಿದೆ. ಮಗ ತನ್ನ ಬಾಧ್ಯತೆಯನ್ನು ಮನೆಯೊಳಗೇ ಬೇರೊಬ್ಬರಿಗೆ ದಾಟಿಸಿಬಿಡುತ್ತಾನೆ. ಅತ್ತೆ ಮಾವನ ಸೇವೆಯೆಲ್ಲ ಸೊಸೆಯದ್ದು, ಹೊಗಳಿಕೆ ಮಾತ್ರ ಮಗನಿಗೆ. ಕುರ್‌ಆನ್‌ನ ಆಜ್ಞೆ ಮಕ್ಕಳಿಗೆ, ಗಂಡು ಹೆಣ್ಣು ಇಬ್ಬರಿಗೂ. ಸೊಸೆ ಮಾಡುವ ಸೇವೆ ಅವಳ ಔದಾರ್ಯ. ಅದಕ್ಕೆ ಅಲ್ಲಾಹನ ಬಳಿ ಪ್ರತಿಫಲವಿದೆ. ಆದರೆ ಅದನ್ನು ಹಕ್ಕೆಂದು ದಬಾಯಿಸಿ ಕೇಳುವಂತಿಲ್ಲ. ಹಾಸಿಗೆ ಹಿಡಿದ ತಂದೆಯನ್ನು ಮಗನೇ ತೊಳೆದು ಶುಚಿಗೊಳಿಸುವುದು ಮಾನ ಮರ್ಯಾದೆಯ ದೃಷ್ಟಿಯಿಂದಲೂ ಉತ್ತಮ. ಮನೆಯಲ್ಲಿರುವಾಗ ಪ್ರವಾದಿ(ಸ) ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಅದು ಗಂಡಸುತನಕ್ಕೆ ಕುಂದೆಂದು ಭಾವಿಸುವವರು ಯಾರ ಮಾದರಿಯನ್ನು ಅನುಸರಿಸುತ್ತಿದ್ದಾರೆ?

ಹಾಗಾದರೆ ಸೂಕ್ತ ವ್ಯವಸ್ಥೆ ಹೇಗಿರಬೇಕು? ಮಗುವಿನ ಎದೆಹಾಲು ಬಿಡಿಸುವ ವಿಷಯದಲ್ಲಿ ಕೂಡ ತಂದೆ ತಾಯಿ ಪರಸ್ಪರ ಸಮಾಲೋಚಿಸಿ ಒಪ್ಪಿಗೆಯಿಂದ ತೀರ್ಮಾನಿಸಬೇಕೆಂಬ ಸೂಚನೆ ಕುರ್‌ಆನ್‌ನಲ್ಲಿದೆ (2:233). ಬದುಕಿನ ಆರಂಭದ ಆರೈಕೆಗೆ ಸಮಾಲೋಚನೆ ಬೇಕಾದರೆ ಕೊನೆಯ ಆರೈಕೆಗೆ ಬೇಡವೇ? ಒಡಹುಟ್ಟಿದವರೆಲ್ಲ ಒಮ್ಮೆ ಕುಳಿತು ಮಾತನಾಡಲಿ. ಆ ಮಾತುಕತೆಯಲ್ಲಿ ತಂದೆ ತಾಯಿಯೂ ಇರಲಿ. ಎಲ್ಲಿರಬೇಕೆಂಬುದು ಅವರ ಆಯ್ಕೆ. ಎರಡೆರಡು ತಿಂಗಳಿಗೊಮ್ಮೆ ಒಂದು ಮನೆಯಿಂದ ಇನ್ನೊಂದಕ್ಕೆ ಅವರನ್ನು ಸಾಮಾನಿನಂತೆ ಸಾಗಿಸುವುದು ಸರಿಯಲ್ಲ. ಹಣವಿರುವವನು ಹಣ ಕೊಡಲಿ, ಹತ್ತಿರವಿರುವವಳು ಸಮಯ ಕೊಡಲಿ. ಆದರೆ ಹಣ ಕೊಟ್ಟವನು ಸಮಯ ಕೊಟ್ಟವಳಿಗೆ ಯಜಮಾನನಾಗದಿರಲಿ. ರಜೆಯಲ್ಲಿ ಬಂದಾಗ ಕನಿಷ್ಠ ಆ ದಿನಗಳಲ್ಲಾದರೂ ರಾತ್ರಿಯ ಪಾಳಿಯನ್ನು ತಾನು ವಹಿಸಿಕೊಳ್ಳಲಿ.

ಸ್ನಾನಗೃಹದಲ್ಲಿ ಹಿಡಿದು ನಿಲ್ಲಲು ಒಂದು ಸರಳು, ಜಾರದ ನೆಲ, ರಾತ್ರಿ ಒಂದು ಸಣ್ಣ ದೀಪ ಇವು ಎಷ್ಟೋ ಮೂಳೆ ಮುರಿತಗಳನ್ನು ತಡೆಯುತ್ತವೆ. ಏಳಲಾಗದೆ ಮಲಗಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಅವರ ಆರಾಧನೆಯನ್ನೂ ಗಮನಿಸಿರಿ. ವುಝೂ ಮಾಡಲಾಗದವರಿಗೆ ತಯಮ್ಮುಮ್ ಇದೆ. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡಬಹುದು. ಉಪವಾಸ ಹಿಡಿಯಲಾರದ ವೃದ್ಧರಿಗೆ ಫಿದ್ಯಾದ ರಿಯಾಯಿತಿಯಿದೆ. ಇದನ್ನು ಅರಿಯದೆ ಎಷ್ಟೋ ಹಿರಿಯರು ಕೊರಗುತ್ತಾರೆ. ಮಂಚವನ್ನು ಕಿಬ್ಲಾಕ್ಕೆ ಅನುಕೂಲವಾಗಿ ತಿರುಗಿಸಿಡುವುದೂ ಸೇವೆಯೇ.

ಎಲ್ಲಕ್ಕಿಂತ ಕಠಿಣವಾದುದು ನೆನಪು ಅಳಿಸಿಹೋದಾಗಿನ ಪರೀಕ್ಷೆ. ಎಲ್ಲವನ್ನೂ ಅರಿತಿದ್ದ ಮನುಷ್ಯ ಏನನ್ನೂ ಅರಿಯದ ವಯಸ್ಸಿಗೆ ಮರಳುವನೆಂದು ಕುರ್‌ಆನ್ ಎಚ್ಚರಿಸಿದೆ (16:70). ಅಂತಹವರ ಮೇಲೆ ನಮಾಝ್, ಉಪವಾಸದ ಹೊಣೆಯಿಲ್ಲ. ಒತ್ತಾಯಿಸಿ ಅವರನ್ನು ನೋಯಿಸಬಾರದು. ಆಗ ಮಗನ ಮನಸ್ಸಿನಲ್ಲಿ ಒಂದು ಯೋಚನೆ ಹುಟ್ಟಬಹುದು: 'ಉಮ್ಮನಿಗೆ ನನ್ನ ಗುರುತೇ ಇಲ್ಲ. ಬಂದರೂ ಒಂದೇ, ಬಾರದಿದ್ದರೂ ಒಂದೇ.' ಇದಕ್ಕೆ ಉತ್ತರ ನಾವು ದಿನವೂ ಮಾಡುವ ಪ್ರಾರ್ಥನೆಯಲ್ಲೇ ಇದೆ. ಚಿಕ್ಕಂದಿನಲ್ಲಿ ನನ್ನನ್ನು ಸಾಕಿದ ಹಾಗೆ ಅವರ ಮೇಲೆ ಕರುಣೆ ತೋರೆಂದು ನಾವು ಬೇಡುತ್ತೇವೆ. ಆ ಚಿಕ್ಕಂದಿನ ಸೇವೆ ನಮಗೆ ಯಾರಿಗಾದರೂ ನೆನಪಿದೆಯೇ? ಅವರು ನಿದ್ದೆಗೆಟ್ಟ ಒಂದು ರಾತ್ರಿಯನ್ನೂ ನಾವು ಕಂಡಂತೆ ಹೇಳಲಾರೆವು. ಆದರೂ ಅದು ನಡೆದಿದೆ. ಅಲ್ಲಾಹನು ಅದನ್ನು ನಮ್ಮ ಮೇಲಿನ ಋಣವಾಗಿ ಎಣಿಸಿದ್ದಾನೆ. ಮಗುವಿಗೆ ನೆನಪಿರದ ಸೇವೆಗೆ ಬೆಲೆಯಿದ್ದರೆ, ತಾಯಿಗೆ ನೆನಪಿರದ ಸೇವೆಗೂ ಅಷ್ಟೇ ಬೆಲೆಯಿದೆ.

ವೃದ್ಧಾಶ್ರಮದ ಬಗ್ಗೆಯೂ ನೇರವಾಗಿ ಮಾತನಾಡೋಣ. ಮಕ್ಕಳಿಲ್ಲದವರಿಗೆ, ಯಾರೂ ಇಲ್ಲದವರಿಗೆ ಆಶ್ರಯ ಕೊಡುವುದು ಪುಣ್ಯದ ಕೆಲಸ. ಹಗಲಿರುಳು ದಾದಿಯರ ನೆರವು ಬೇಕಾದ ಕಾಯಿಲೆಯಲ್ಲಿ, ತಂದೆ ತಾಯಿ ಒಪ್ಪಿದರೆ, ಮಕ್ಕಳು ದಿನವೂ ಹೋಗಿ ಬರುತ್ತಿದ್ದರೆ, ಅಂತಹ ಕೇಂದ್ರದಲ್ಲಿ ಇರಿಸುವುದನ್ನು ಪಾಪವೆನ್ನಲಾಗದು. ಆದರೆ ಮನೆಯಲ್ಲಿ ಕೋಣೆಯಿದ್ದೂ, ಅವರು ಬೇಡವೆಂದರೂ, ತೊಂದರೆ ತಪ್ಪಿತೆಂದು ಕೊಂಡೊಯ್ದು ಬಿಡುವುದು ಆರೈಕೆಯಲ್ಲ, ಪರಿತ್ಯಾಗ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣಬಹುದು. ಉದ್ದೇಶ ಯಾವುದೆಂದು ಅಲ್ಲಾಹನು ಬಲ್ಲನು.

ನಮ್ಮ ದೇಶದ ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ಮಾತಾಪಿತರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಗಂಡು ಮಕ್ಕಳಷ್ಟೇ ಅಲ್ಲ, ಹೆಣ್ಣು ಮಕ್ಕಳೂ ಹೊಣೆಗಾರರು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯ ನೇತೃತ್ವದ ನ್ಯಾಯಮಂಡಳಿಗೆ ದೂರು ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದು ಕೈಬಿಟ್ಟರೆ ಆ ವರ್ಗಾವಣೆಯನ್ನು ರದ್ದುಗೊಳಿಸುವ ಅವಕಾಶವೂ ಅದರಲ್ಲಿದೆ. ಆದ್ದರಿಂದ ಹಿರಿಯರೇ, ಪ್ರೀತಿಯ ಭರದಲ್ಲಿ ಎಲ್ಲವನ್ನೂ ಬರೆದುಕೊಟ್ಟು ಬರಿಗೈಯಾಗಬೇಡಿರಿ. ಒಬ್ಬ ಮಗನಿಗೆ ಮಾತ್ರ ಕೊಟ್ಟ ಉಡುಗೊರೆಗೆ ಸಾಕ್ಷಿಯಾಗಲು ಪ್ರವಾದಿ(ಸ) ನಿರಾಕರಿಸಿದ್ದನ್ನೂ ನೆನಪಿಡಿರಿ. ಸಂಕಷ್ಟದಲ್ಲಿರುವ ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿಯಿದೆ. ಆದರೆ ಕಾನೂನು ಜೀವನಾಂಶವನ್ನಷ್ಟೇ ಕೊಡಿಸಬಲ್ಲದು. ತಾಯಿಯ ಹಣೆಯ ಮೇಲೆ ಮಗನ ಕೈ ಇಡಿಸುವ ನ್ಯಾಯಾಲಯ ಎಲ್ಲಿಯೂ ಇಲ್ಲ.

ಪ್ರಿಯ ಓದುಗರೇ, ಇಂದು ರಾತ್ರಿ ನಿಮ್ಮ ತಂದೆಗೋ ತಾಯಿಗೋ ಫೋನ್ ಮಾಡುವಾಗ 'ಔಷಧಿ ತೆಗೆದುಕೊಂಡಿರಾ, ಹಣ ಸಾಕಾಯಿತೇ' ಎಂದು ಕೇಳಿದ ಮೇಲೆ ಇನ್ನೊಂದು ಮಾತನ್ನೂ ಕೇಳಿರಿ: 'ನಿಮಗೆ ಹೇಗಿದ್ದರೆ ಇಷ್ಟ?' ಉತ್ತರ ಬರುವವರೆಗೆ ಕಾಯಿರಿ. ಬಂದ ಉತ್ತರ ನಿಮ್ಮ ಲೆಕ್ಕಾಚಾರವನ್ನು ಬದಲಿಸುವಂತಹದಾದರೆ ಬದಲಿಸುವ ಧೈರ್ಯ ಮಾಡಿರಿ. ಬದಲಿಸಲು ನಿಜವಾಗಿಯೂ ಆಗದಿದ್ದರೆ ಅದನ್ನು ಅವರಿಗೆ ವಿನಯದಿಂದ ತಿಳಿಸಿ, ಸಾಧ್ಯವಾದಷ್ಟನ್ನು ಹೆಚ್ಚಿಸಿರಿ. ವೃದ್ಧ ಮಾತಾಪಿತರನ್ನು ಪಡೆದೂ ಸ್ವರ್ಗವನ್ನು ಕಳೆದುಕೊಂಡವರ ದುರದೃಷ್ಟದ ಬಗ್ಗೆ ಪ್ರವಾದಿ(ಸ) ಕಟುವಾಗಿ ಎಚ್ಚರಿಸಿದ್ದಾರೆ. ಆ ದುರದೃಷ್ಟದಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.