ಕಳೆದುಹೋದ ಕಿರುನೌಕೆಗಳ ಲೆಕ್ಕ

ಇಲ್ಲದ ದೋಣಿಯೊಂದು ಮುಳುಗಿದರೆ ಅದರ ಲೆಕ್ಕವನ್ನು ಯಾರು ಇಡಬೇಕು? ಕೆಲಸವಿಲ್ಲದವರ ಪ್ರಶ್ನೆಯೆಂದು ವಾಚಕರಿಗೆ ತೋರಬಹುದು. ಆದರೆ ಅಮೆರಿಕದ 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಕಥಾಮಾಲೆಯ ಅಭಿಮಾನಿಗಳು ವರ್ಷಗಟ್ಟಲೆ ಈ ಲೆಕ್ಕ ಇಟ್ಟಿದ್ದಾರೆ. ೧೯೯೫ರಿಂದ ೨೦೦೧ರವರೆಗೆ ಬಂದ 'ವಾಯೇಜರ್' ಮಾಲಿಕೆಯಲ್ಲಿ ನೌಕೆಯೊಂದು ತನ್ನ ನೆಲದಿಂದ ೭೦,೦೦೦ ಜ್ಯೋತಿರ್ವರ್ಷಗಳಾಚೆ ಹೋಗಿ ಬಿದ್ದಿದೆ. ಹಿಂದಿರುಗಲು ೭೫ ವರ್ಷ ಬೇಕು; ದಾರಿಯಲ್ಲಿ ತಮ್ಮವರ ಬಂದರು ಒಂದೂ ಇಲ್ಲ. ಅದರ ಒಡಲಲ್ಲಿ 'ಷಟಲ್' ಎಂಬ ಕಿರುನೌಕೆಗಳಿವೆ. ಒಂದು ಕಂತಿನಲ್ಲಿ ಒಂದು ಚೂರಾಗುತ್ತದೆ, ಮತ್ತೊಂದು ಕಂತಿನಲ್ಲಿ ಇನ್ನೊಂದು. ಆದರೂ ಮುಂದೆ ಬೇಕಾದಾಗ ಹೊಸದೊಂದು ಸದ್ದಿಲ್ಲದೆ ಸಿದ್ಧವಾಗಿರುತ್ತದೆ. ಕ್ಷಿಪಣಿಗಳದೂ ಇದೇ ಕಥೆ. ನಮ್ಮಲ್ಲಿರುವುದು ೩೮, ಬದಲಿ ಸಿಗದು ಎಂಬ ಮಾತು ನೌಕೆಯಲ್ಲಿ ಮೊದಲಿಗೇ ಬಂದಿತ್ತು. ಹಾರಿದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಅಭಿಮಾನಿಗಳು ಬೆರಳು ಮಡಿಸಿ ಎಣಿಸಿದರು. ಎಣಿಸಿ ಎರಡು ಪಕ್ಷವಾದರು. ಬರೆದವರಿಗೆ ಮರೆವು ಎಂದಿತು ಒಂದು. ನೌಕೆಯೊಳಗೇ ಕಮ್ಮಟವಿದೆ, ಹೊಸದನ್ನು ಅಲ್ಲಿಯೇ ಕಟ್ಟಿಕೊಳ್ಳುತ್ತಾರೆ ಎಂದಿತು ಇನ್ನೊಂದು. ೧೯೯೮ರ ಒಂದು ಕಂತಿನಲ್ಲಿ ಸಿಬ್ಬಂದಿಯವರು 'ಡೆಲ್ಟಾ ಫ್ಲೈಯರ್' ಎಂಬ ಕಿರುನೌಕೆಯನ್ನು ತಾವೇ ಕಟ್ಟಿದಾಗ ಈ ಎರಡನೆಯ ಪಕ್ಷಕ್ಕೆ ಹಬ್ಬ!

ನಗುವ ಮೊದಲು ನಾವು ಮೇಷ್ಟರುಗಳು ಸ್ವಲ್ಪ ತಡೆಯಬೇಕು. ಋಷಿಯ ಮಾತಿನಲ್ಲಿ ವ್ಯಾಕರಣ ತಪ್ಪಿದರೆ 'ಆರ್ಷಪ್ರಯೋಗ' ಎಂದು ಕೈಮುಗಿದವರು, ಕಥೆ ಹೊಂದದಿದ್ದಲ್ಲಿ 'ಪ್ರಕ್ಷಿಪ್ತ' ಎಂದು ಪಾರಾದವರು ನಾವೇ ಅಲ್ಲವೆ?

ಪುಷ್ಪಕದಲ್ಲಿ ಅಷ್ಟು ಕಪಿಗಳು ಹೇಗೆ ಹಿಡಿಸಿದರು ಎಂದು ಕೇಳಿದರೆ ಅಜ್ಜಿ ಹೇಳುತ್ತಿದ್ದಳು: ಎಷ್ಟು ಮಂದಿ ಕುಳಿತರೂ ಅದರಲ್ಲಿ ಇನ್ನೊಬ್ಬರಿಗೆ ಜಾಗ ಉಳಿದಿರುತ್ತದಪ್ಪ. ಆ ಕಥೆ ಅಳತೆಯ ಮಾತನ್ನೇ ಆಡಿರಲಿಲ್ಲ. ಇದಾದರೋ ೩೮ ಎಂದು ಬಾಯಿಬಿಟ್ಟು ಹೇಳಿತು. ಹೇಳದ ಲೆಕ್ಕವನ್ನು ಕೇಳುವುದು ಕುಚೋದ್ಯ. ಹೇಳಿದ ಲೆಕ್ಕವನ್ನು ಕೇಳುವುದು ಹಾಗಲ್ಲ.

ಮೂಲ ಮಾಲಿಕೆಯಲ್ಲಿ, ೧೯೬೭ರ ಜನವರಿಯಲ್ಲಿ, 'ಗೆಲಿಲಿಯೊ' ಎಂಬ ಕಿರುನೌಕೆಯ ಕಥೆಯೊಂದು ಬಂದಿತು. (ಅದರ ಹೊರಮೈಗಿಂತ ಒಳಕೋಣೆ ದೊಡ್ಡದಾಗಿ ಕಾಣುತ್ತದೆ, ಅದಕ್ಕೂ ನಕ್ಷೆ ಬರೆದು ಸಮಾಧಾನ ಹೇಳಿದವರಿದ್ದಾರೆ.) ಏಳು ಮಂದಿ ಅಪರಿಚಿತ ಗ್ರಹದ ಮೇಲೆ ಬಿದ್ದಿದ್ದಾರೆ. ಇಂಧನ ಸೋರಿಹೋಗಿದೆ. ಮೇಲೇಳಬೇಕಾದರೆ ಮೂವರ ತೂಕ ಇಳಿಯಬೇಕು. ಯಾರನ್ನು ಬಿಡುವುದು? ಅಧಿಕಾರಿ ಸ್ಪಾಕ್ ಗಣಿತದ ಹಾಗೆ ಯೋಚಿಸುತ್ತಾನೆ. ಜೊತೆಯವರು ಅವನ ಮೇಲೆ ಹಲ್ಲು ಕಡಿಯುತ್ತಾರೆ. ಕೊನೆಗೆ ಅವನೇ ಲೆಕ್ಕವನ್ನು ಬದಿಗಿಟ್ಟು, ಉಳಿದ ಇಂಧನವನ್ನೆಲ್ಲ ಹೊರಚೆಲ್ಲಿ ಉರಿಸುತ್ತಾನೆ. ಆ ಬೆಂಕಿಯನ್ನು ಕಂಡು ತಾಯಿನೌಕೆ ಐವರನ್ನು ಉಳಿಸಿಕೊಳ್ಳುತ್ತದೆ. ಇದ್ದದ್ದು ಅದೊಂದೇ ದೋಣಿ, ಅಷ್ಟೇ ಇಂಧನ. ಆದ್ದರಿಂದಲೇ ನೋಡುವವನ ಎದೆ ಹಿಡಿಯುತ್ತದೆ.

ಕಮ್ಮಟದ ಪಕ್ಷದ ಮೇಲೆ ನನಗಿರುವ ಸಂಶಯವೂ ಇಲ್ಲಿಂದಲೇ ಹುಟ್ಟಿದ್ದು. ಅವರು ಪ್ರೀತಿಯಿಂದಲೇ ತಪ್ಪನ್ನು ಮುಚ್ಚುತ್ತಾರೆ, ನಿಜ. ಆದರೆ ಕಳೆದದ್ದೆಲ್ಲ ಮರುವಾರ ತಯಾರಾಗುವುದಾದರೆ, ಮನೆಯಿಂದ ಅಷ್ಟು ದೂರ ಬಿದ್ದ ಆ ಜನಕ್ಕೆ ಕಷ್ಟವೇ ಇರಲಿಲ್ಲವೆಂದಾಯಿತು. ಬರೆದವನ ಮಾನ ಉಳಿಸಹೋಗಿ ಪಾತ್ರಗಳ ದುಃಖವನ್ನು ಅಗ್ಗ ಮಾಡಿದಂತಲ್ಲವೆ? ಲೆಕ್ಕ ಕೇಳಿದ ಕಟುವಾದ ಪಕ್ಷವೇ ಆ ದುಃಖವನ್ನು ನಂಬಿದ್ದು.

ಇಷ್ಟನ್ನು ಬರೆಯಲು ನನಗೊಂದು ಕಾರಣವುಂಟು. ಎರಡು ವರ್ಷದ ಹಿಂದೆ, ನಾನು ಬಹಳ ಮೆಚ್ಚುವ ಹಳಗನ್ನಡ ಕಾವ್ಯವೊಂದನ್ನು ಪಾಠ ಮಾಡುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಎರಡು ಪದ್ಯಗಳು ಪರಸ್ಪರ ಹೊಂದುವುದಿಲ್ಲವೆಂದ. ಹೊಂದುತ್ತಿರಲಿಲ್ಲ. ನಾನು ಧ್ವನಿ, ಔಚಿತ್ಯ ಎಂದು ಐದು ನಿಮಿಷ ಮಾತಾಡಿದೆ. ತರಗತಿ ತಲೆದೂಗಿತು. ಅವನು 'ಸರಿ ಸಾರ್' ಎಂದು ಕುಳಿತ. ಆಮೇಲೆ ಎಂದೂ ಪ್ರಶ್ನೆ ಕೇಳಲಿಲ್ಲ.

ಹುಡುಗ ಈಗ ಕೊನೆಯ ವರ್ಷದಲ್ಲಿದ್ದಾನೆ. ಪರೀಕ್ಷೆಗೆ ಮುನ್ನ ಅವನನ್ನು ಕರೆದು, ಆ ಎರಡು ಪದ್ಯಗಳನ್ನು ಮತ್ತೊಮ್ಮೆ ಅವನೆದುರೇ ತೆರೆಯಬೇಕೆಂದಿದ್ದೇನೆ.