ಅದತ್ತವೂ ಅನುಮತಿಯೂ

ಅಚೌರ್ಯವ್ರತವೆಂದೊಡನೆ ಸಾಮಾನ್ಯ ಶ್ರಾವಕನ ಮನಸ್ಸು ಹಣ, ಬಂಗಾರ, ಧಾನ್ಯಗಳ ಕಡೆಗೆ ಹರಿಯುತ್ತದೆ. ಬೀಗ ಮುರಿಯದವನು, ತೂಕದಲ್ಲಿ ಮೋಸ ಮಾಡದವನು ತಾನು ಈ ವ್ರತವನ್ನು ನಿರತಿಚಾರವಾಗಿ ಪಾಲಿಸುತ್ತಿರುವೆನೆಂದು ತಿಳಿಯುತ್ತಾನೆ. ಆದರೆ ಶಾಸ್ತ್ರವು ಕಳವಿಗೆ ಇಟ್ಟ ಹೆಸರು ‘ಅದತ್ತಾದಾನ’. ಎಂದರೆ ಕೊಡದಿರುವುದನ್ನು ತೆಗೆದುಕೊಳ್ಳುವುದು. ಈ ಹೆಸರಿನಲ್ಲಿ ವಸ್ತುವಿನ ಬೆಲೆಯ ಮಾತಿಲ್ಲ, ಒಡೆಯನ ಒಪ್ಪಿಗೆಯ ಮಾತಿದೆ. ಹಾಗಾದರೆ ಒಬ್ಬರ ಏಕಾಂತಕ್ಕೆ, ದೇಹಕ್ಕೆ, ಹಸಿವಿಗೆ ಒಡೆಯರು ಯಾರು? ಅವರನ್ನು ಕೇಳದೆ ಅವುಗಳ ಮೇಲೆ ಅಧಿಕಾರ ನಡೆಸಿದರೆ ವ್ರತಕ್ಕೆ ದೋಷ ತಟ್ಟದೇ?

ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಮುನಿಗಳ ನಡವಳಿಕೆಯನ್ನು ಹತ್ತು ವಿಧವಾಗಿ ಹೇಳಲಾಗಿದೆ. ಅವುಗಳಲ್ಲಿ ನಿಷೇಧಿಕಾ ಎಂಬುದು ಒಂದು ಸ್ಥಳವನ್ನು ಹೊಗುವಾಗ ಅಲ್ಲಿರುವವರ ಅನುಮತಿ ಬೇಡುವುದು. ಆಪೃಚ್ಛಾ ಎಂಬುದು ಕಾರ್ಯಕ್ಕೆ ತೊಡಗುವ ಮುನ್ನ ಗುರುವನ್ನು ಕೇಳುವುದು. ಛಂದನವೆಂಬುದು ಪಡೆದ ವಸ್ತುವನ್ನು ಕೊಟ್ಟವರ ಇಚ್ಛೆಯಂತೆ ಬಳಸುವುದು. ಸರ್ವಸಂಗಪರಿತ್ಯಾಗ ಮಾಡಿದವರಿಗೇ ಇಷ್ಟು ಕೇಳುವಿಕೆ ಬೇಕಾದರೆ ಗೃಹಸ್ಥನಿಗೆ ಎಷ್ಟು ಬೇಡ? ಬಸದಿಯ ಹೊಸ್ತಿಲಲ್ಲಿ ಮೂರು ಬಾರಿ ‘ನಿಸ್ಸಹಿ’ ಎನ್ನುವ ಶ್ರಾವಕನು ನೆರೆಯವನ ಮನೆಯ ಹೊಸ್ತಿಲಲ್ಲಿ ಒಮ್ಮೆಯಾದರೂ ಕೂಗಿ ಕರೆದು ಒಳಹೋಗುವನೇ ಎಂಬುದು ವಿಚಾರಣೀಯ.

ಗದಗ ಸೀಮೆ ದಾನಕ್ಕೆ ಹೆಸರಾದುದು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಲಕ್ಕುಂಡಿ ಇಲ್ಲಿಯದೇ. ಲಕ್ಷ್ಮೇಶ್ವರದ ಶಂಖಬಸದಿಯೂ ಇಲ್ಲಿಯದೇ. ಮಲ್ಲಸಮುದ್ರದಂತಹ ಊರುಗಳಲ್ಲಿ ಅತಿಥಿಯು ಸಾಕೆಂದು ಅಡ್ಡಗೈ ಹಿಡಿದರೂ ‘ಇನ್ನೊಂದು ರೊಟ್ಟಿ’ ಎಂದು ಬಡಿಸುವುದು ಪ್ರೀತಿಯ ಲಕ್ಷಣ. ಆ ಪ್ರೀತಿಯಲ್ಲಿ ಕಪಟವಿಲ್ಲ. ಆದರೆ ಊನೋದರದ ನಿಯಮ ಹಿಡಿದವನಿಗೆ, ರೋಗದಿಂದ ಪಥ್ಯದಲ್ಲಿರುವವನಿಗೆ ಆ ರೊಟ್ಟಿ ದಾನವಾಗದೆ ಸಂಕಟವಾಗುತ್ತದೆ. ಕೊಡುವವನ ಸಂತೋಷವೊಂದರಿಂದಲೇ ದಾನವು ಪೂರ್ಣವಾಗದು.

ದಿಗಂಬರ ಮುನಿಗಳ ಆಹಾರವಿಧಿಯಲ್ಲಿ ಈ ತತ್ತ್ವವು ಕಣ್ಣಿಗೆ ಕಾಣುತ್ತದೆ. ಶ್ರಾವಕನು ಭಕ್ತಿಯಿಂದ ಪಡಿಗಾಹಿಸಿದ ಹೊರತು ಮುನಿಗಳು ಮನೆಯನ್ನು ಹೊಗರು, ಬಾಯಿಬಿಟ್ಟು ಬೇಡರು. ನಿಂತು, ಕೈಗಳನ್ನೇ ಪಾತ್ರೆಯಾಗಿಸಿ, ತುತ್ತು ತುತ್ತಾಗಿ ಸ್ವೀಕರಿಸುತ್ತಾರೆ. ಅಂಜಲಿಯನ್ನು ಬಿಟ್ಟರೆ ಆಹಾರ ಮುಗಿಯಿತು. ಬಳಿಕ ಒಂದು ತೊಟ್ಟು ನೀರನ್ನೂ ಹಾಕಲು ದಾತೃವಿಗೆ ಅಧಿಕಾರವಿಲ್ಲ. ಕರೆಯದೆ ಬಾರದಿರುವುದು ಪಾತ್ರನ ಮರ್ಯಾದೆ. ಸಾಕೆಂದ ಮೇಲೆ ನಿಲ್ಲಿಸುವುದು ದಾತೃವಿನ ಮರ್ಯಾದೆ.

ಊಟದ ಒತ್ತಾಯಕ್ಕಿಂತ ಉಪವಾಸದ ಒತ್ತಾಯ ಹೆಚ್ಚು ಕಠಿಣವಾದುದು. ದಶಲಕ್ಷಣ ಪರ್ವದಲ್ಲಿ ಮನೆಯ ಗೌರವಕ್ಕೆಂದು ಹೊಸ ಸೊಸೆಗೆ ಉಪವಾಸ ಹೇಳುವುದುಂಟು. ಮಕ್ಕಳ ಉಪವಾಸದ ದಿನಗಳನ್ನೆಣಿಸಿ ಮೆರೆಸುವುದೂ ಉಂಟು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ: ತನ್ನ ಅಧೀನದಲ್ಲಿರುವ ಜೀವಿಗೆ ಅನ್ನ ನೀರನ್ನು ತಡೆಯುವುದು. ಮನವೊಪ್ಪದವಳ ಮೇಲೆ ಹೇರಿದ ಉಪವಾಸಕ್ಕೆ ಇದಕ್ಕಿಂತ ಬೇರೆ ಹೆಸರೇನು? ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು, ಮೂರರಿಂದಲೂ ಕರ್ಮವು ಆಸ್ರವಿಸುತ್ತದೆ. 2016ರಲ್ಲಿ ಹೈದರಾಬಾದಿನಲ್ಲಿ ಎರಡು ತಿಂಗಳಿಗೂ ಮಿಕ್ಕಿದ ಉಪವಾಸದ ತರುವಾಯ ಬಾಲಿಕೆಯೊಬ್ಬಳು ತೀರಿಕೊಂಡಾಗ, ಆಕೆ ಸ್ವೇಚ್ಛೆಯಿಂದಲೇ ವ್ರತ ಹಿಡಿದಳೆಂದು ಮನೆಯವರು ಹೇಳಿದರು. ಅದು ನಿಜವೆಂದೇ ಇಟ್ಟುಕೊಂಡರೂ ಪ್ರಶ್ನೆ ಉಳಿಯುತ್ತದೆ: ಅಷ್ಟು ಎಳೆಯ ವಯಸ್ಸಿನ ‘ಹೂಂ’ ಎಂಬುದು ತನ್ನ ಶಕ್ತಿಯನ್ನು ಅಳೆದು ಆಡಿದ ಮಾತೇ, ಹಿರಿಯರ ಮೆಚ್ಚುಗೆಯನ್ನು ನೋಡಿ ಆಡಿದ ಮಾತೇ? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಬರಿದೆ ತಪವೆನ್ನದೆ ‘ಶಕ್ತಿತಸ್ತಪ’ವೆಂದಿರುವುದು ಇದಕ್ಕಾಗಿಯೇ.

ಹಿರಿಯರು ಪ್ರೇರಿಸದಿದ್ದರೆ ಕಿರಿಯರು ವ್ರತದ ದಾರಿಗೆ ಬರುವುದೆಂತು, ಜಾರುವವರನ್ನು ನಿಲ್ಲಿಸುವ ಸ್ಥಿತಿಕರಣವು ಸಮ್ಯಗ್ದರ್ಶನದ ಅಂಗವಲ್ಲವೇ ಎಂದು ಕೆಲವರು ಕೇಳಬಹುದು. ಮಾತು ಸರಿ. ಆದರೆ ಸ್ಥಿತಿಕರಣವೆಂಬುದು ಹಿಡಿದ ವ್ರತದಿಂದ ಜಾರುವವನಿಗೆ ಕೈಗೊಡುವುದು. ಹಿಡಿಯದವನ ಕುತ್ತಿಗೆಗೆ ವ್ರತವನ್ನು ಕಟ್ಟುವುದಲ್ಲ. ಎರಡನ್ನೂ ಬೇರ್ಪಡಿಸುವ ಒರೆಗಲ್ಲು ಒಂದೇ: ಪ್ರೇರಣೆ ಪಡೆದವನು ‘ಒಲ್ಲೆ’ ಎಂದರೆ ಅವನ ಮೇಲಣ ಆದರ ಕುಗ್ಗುವುದೇ? ಕುಗ್ಗದಿದ್ದರೆ ಅದು ಉಪದೇಶ, ಕುಗ್ಗುವುದಾದರೆ ಬಲಾತ್ಕಾರ.

ಸಲ್ಲೇಖನದ ವಿಷಯದಲ್ಲಿ ಈ ವಿವೇಕದ ಮೇಲೆಯೇ ಸಮಾಜದ ಮಾನ ನಿಂತಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಅದನ್ನು ಆತ್ಮಹತ್ಯೆಗೆ ಸಮವೆಂದಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಸಲ್ಲೇಖನವು ಆತ್ಮಘಾತವಲ್ಲವೆಂದು ಜೈನರು ಮಾಡುವ ವಾದದ ಜೀವಾಳವೆಂದರೆ ಅದು ರಾಗದ್ವೇಷಗಳಿಲ್ಲದೆ, ಎಚ್ಚರವಿದ್ದು, ಸ್ವಂತ ಇಚ್ಛೆಯಿಂದ ಕೈಗೊಳ್ಳುವ ವ್ರತವೆಂಬುದು. ಅಂತ್ಯಕಾಲದ ಇಚ್ಛೆಗೆ ಅಷ್ಟು ಬೆಲೆಯನ್ನು ಬೇಡುವವರು ದಿನನಿತ್ಯದ ಚಿಕ್ಕ ಇಚ್ಛೆಗಳನ್ನು ತುಳಿದರೆ ಆ ವಾದವನ್ನು ಲೋಕವು ನಂಬುವುದೆಂತು?

ಆದುದರಿಂದ ಪರ್ವದ ದಿನ ಮನೆಯ ಹಿರಿಯರು ‘ಇಂದು ಉಪವಾಸ ಮಾಡು’ ಎನ್ನುವ ಬದಲು ‘ಇಂದು ನಿನಗೆ ಏನು ಸಾಧ್ಯ?’ ಎಂದು ಕೇಳಲಿ. ಒಬ್ಬಳು ಏಕಾಶನವೆಂದಾಳು, ಒಬ್ಬನು ರಸತ್ಯಾಗವೆಂದಾನು, ಒಬ್ಬರು ಏನೂ ಆಗದೆಂದಾರು. ಹಾಗೆಂದವರಿಗೂ ಹೊತ್ತಿಗೆ ಸರಿಯಾಗಿ ಪ್ರಸನ್ನಮುಖದಿಂದ ಅನ್ನವಿಕ್ಕುವುದು ಆ ದಿನ ಹಿರಿಯರು ಪಾಲಿಸಬೇಕಾದ ವ್ರತ.