ಆಶ್ರಿತ ಪ್ರಾಣಿಯೂ ಅಹಿಂಸಾಣುವ್ರತವೂ



ಮನೆಯ ನಾಯಿಯ ಮೈಯಲ್ಲಿ ಚಿಗಟ, ಹೇನುಗಳು ತುಂಬಿಕೊಂಡಾಗ ಅಣುವ್ರತಿಯಾದ ಗೃಹಸ್ಥನು ಏನು ಮಾಡತಕ್ಕದ್ದು? ಔಷಧ ಹಾಕಿದರೆ ತ್ರಸಜೀವಗಳ ಘಾತ. ಸುಮ್ಮನಿದ್ದರೆ ಆಶ್ರಯಕ್ಕೆ ಬಂದ ಪಂಚೇಂದ್ರಿಯ ಜೀವಿಯ ನರಳಾಟ. ಈ ಸಂಶಯವನ್ನು ಲಘುವಾಗಿ ತಳ್ಳಿಹಾಕಲಾಗದು.

ಹೇನು ಸ್ಪರ್ಶನ, ರಸನ, ಘ್ರಾಣಗಳೆಂಬ ಮೂರು ಇಂದ್ರಿಯಗಳುಳ್ಳ ಜೀವ. ಅದಕ್ಕೂ ಬದುಕುವ ಬಯಕೆಯುಂಟು. ಆದರೆ ನಾಯಿಯೂ ಕ್ಷುದ್ರವಲ್ಲ. ಧರ್ಮಬಲದಿಂದ ನಾಯಿಯೂ ದೇವನಾಗಬಲ್ಲುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೋಧಿಸಿದ್ದಾರೆ. ಪೆಟ್ಟುತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರವನ್ನು ಉಸುರಲು, ಅದು ಸುದರ್ಶನ ಯಕ್ಷನಾಗಿ ಹುಟ್ಟಿದ ಕಥೆಯನ್ನು ಕನ್ನಡಿಗರಾದ ನಾವು ಭಾಸ್ಕರಕವಿಯ 1424ರ ಜೀವಂಧರಚರಿತೆಯಿಂದ ಬಲ್ಲೆವು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವೆಲ್ಲ ನಮ್ಮ ಕೈಕೆಳಗಿನ ಜೀವಿಗಳನ್ನು ಕುರಿತವು. ಅಷ್ಟಮಿ ಚತುರ್ದಶಿಗಳಂದು ಉಪವಾಸ ನಮಗೆ, ನಾಯಿಗಲ್ಲ. ತುರಿಕೆಯಿಂದ ಚರ್ಮ ಹರಿದುಕೊಳ್ಳುವ ಪ್ರಾಣಿಯನ್ನು ಕಟ್ಟಿಹಾಕಿ, "ನಾನು ಅಹಿಂಸಾವ್ರತಿ" ಎಂದು ಸ್ವಾಧ್ಯಾಯಕ್ಕೆ ಕುಳಿತರೆ ಅದು ಪ್ರಮಾದವೇ ಹೊರತು ಅಹಿಂಸೆಯಲ್ಲ.

ಹಾಗಾದರೆ ಮಾರ್ಗವೇನು? ಯತ್ನಾಚಾರ. ಚಿಗಟದ ತತ್ತಿಗಳು ನಾಯಿಯ ಮೈಯಿಂದ ಉದುರಿ ಹಾಸಿಗೆಯಲ್ಲಿ, ನೆಲದ ಬಿರುಕಿನಲ್ಲಿ ಬೆಳೆಯುತ್ತವೆ. ಆದುದರಿಂದ ಅದು ಮಲಗುವ ಜಾಗವನ್ನು ದಿನವೂ ಗುಡಿಸಿ, ಹಾಸನ್ನು ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹರಡಿರಿ. ಮೊದಲೇ ಶುಚಿಯಾಗಿರುವ ಮನೆಯಲ್ಲಿ ಮುಂದೆ ಸಾವಿರ ಜೀವಗಳನ್ನು ಕೊಲ್ಲುವ ಪ್ರಸಂಗ ಬಾರದು. ಸೋಸಿದ ಉಗುರುಬೆಚ್ಚನೆಯ ನೀರಿನಲ್ಲಿ ನಾಯಿಯನ್ನು ಮೀಯಿಸಿರಿ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಕುತ್ತಿಗೆ, ಬಾಲದ ಬುಡಗಳನ್ನು ನಿತ್ಯವೂ ಬಾಚಿರಿ. ಸಿಕ್ಕ ಜೀವವನ್ನು ಉಗುರಿನಲ್ಲಿ ಒರೆಯದೆ, ಓಡಾಟವಿಲ್ಲದ ನೆರಳಿನಲ್ಲಿ ಬಿಡಿರಿ. ನಾಯಿಯ ಮೈ ಬಿಟ್ಟ ಹೇನು ಕೆಲವೇ ದಿನಗಳಲ್ಲಿ ಸಾಯುತ್ತದೆಂಬುದು ನಿಜ; ಅದನ್ನು ಮರೆಮಾಚಿ ಮನಸ್ಸನ್ನು ಸಮಾಧಾನಗೊಳಿಸುವುದು ಸಲ್ಲದು.

ಇಷ್ಟಕ್ಕೂ ಶಮನವಾಗದಿದ್ದರೆ? ಚಿಗಟಗಳು ವಿಪರೀತವಾದರೆ ಮರಿಗಳು ರಕ್ತಹೀನತೆಯಿಂದ ಸಾಯಬಹುದು. ಚಿಗಟ ನುಂಗಿದ ನಾಯಿಗೆ ಲಾಡಿಹುಳು ತಗಲಬಹುದು. ಆಗ ಪಶುವೈದ್ಯರನ್ನು ಕಂಡು, ನಾಯಿಯ ತೂಕ, ವಯಸ್ಸುಗಳಿಗೆ ತಕ್ಕ ಔಷಧವನ್ನೇ ಪಡೆಯಿರಿ. ಸೀಮೆಎಣ್ಣೆಯನ್ನಾಗಲಿ ಬೆಳೆಗೆ ಸಿಂಪಡಿಸುವ ವಿಷವನ್ನಾಗಲಿ ಎಂದಿಗೂ ಹಚ್ಚಬೇಡಿರಿ. ಮೈ ನೆಕ್ಕಿಕೊಂಡ ನಾಯಿಯೇ ವಿಷಕ್ಕೆ ಈಡಾಗುತ್ತದೆ. ನಾಯಿಗೆಂದು ಕೊಟ್ಟ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ಪ್ರಾಣಾಂತಕ.

ಈ ಚಿಕಿತ್ಸೆ ನಿರ್ದೋಷವೆಂದು ನಾನು ಹೇಳಲಾರೆ. ಕೊಲ್ಲಬೇಕೆಂಬ ಸಂಕಲ್ಪ ಬೇರೆ, ರಕ್ಷಿಸುವಾಗ ಒದಗುವ ಘಾತ ಬೇರೆ. ಆದರೂ ಘಾತ ಘಾತವೇ. ಅಂದು ಸಂಜೆ ಆಲೋಚನೆ, ಪ್ರತಿಕ್ರಮಣಗಳನ್ನು ಮಾಡಿ, ಆ ಸಣ್ಣ ಜೀವಗಳಲ್ಲಿಯೂ ಕ್ಷಮೆ ಬೇಡಿರಿ. ಮರುದಿನ ಹಾಸನ್ನು ಇನ್ನಷ್ಟು ಎಚ್ಚರದಿಂದ ಕೊಡವಿರಿ. ಪಶ್ಚಾತ್ತಾಪವು ಎಚ್ಚರವಾಗಿ ಪರಿಣಮಿಸಿದಾಗಲೇ ವ್ರತವು ಸಾರ್ಥಕ.